ಬದಲಿಯವನ ಲೆಕ್ಕ: ಡೆವನ್ ಮಾಲ್ಕಂ ಎಂಬ ಬೌಲರನ ಕುರಿತು

(ಕಾರ್ಮಿಕರ ವಾಚನಾಲಯದಲ್ಲಿ ಕಳೆದ ಭಾನುವಾರ ಸಂಜೆ ನಡೆದ ಚರ್ಚಾಕೂಟದ ಕೊನೆಯಲ್ಲಿ ಮಾಡಿದ ಭಾಷಣದ ಪಾಠ)

ಇಂದಿನ ಚರ್ಚೆಯ ವಿಷಯ ಕೇಳಿ ನಮ್ಮ ಹಿರಿಯ ಸದಸ್ಯರೊಬ್ಬರು ಹುಬ್ಬೇರಿಸಿದರು. "ಬೋನಸ್ಸಿನ ಮಾತಿಲ್ಲ, ಅಕ್ಕಿಯ ಧಾರಣೆಯ ಮಾತಿಲ್ಲ, ಇಂಗ್ಲೆಂಡಿನ ಯಾವನೋ ಬೌಲರನನ್ನು ಕಟ್ಟಿಕೊಂಡು ಪಕ್ಷಕ್ಕೇನಾಗಬೇಕು?" ಎಂದು ಕೇಳಿದರು. ಕೇಳಿದ್ದು ನ್ಯಾಯವೇ. ಆದರೆ ಈ ವಿಷಯವನ್ನು ನಾವು ಹುಡುಕಿಕೊಂಡು ಹೋಗಲಿಲ್ಲ, ಅದೇ ನಮ್ಮ ಬಾಗಿಲಿಗೆ ಬಂತು. ಹದಿನೈದು ದಿನದಿಂದ ಇದೇ ವಾಚನಾಲಯದ ಬೆಂಚಿನ ಮೇಲೆ ನಮ್ಮ ತರುಣರು ಎರಡು ಪಂಗಡವಾಗಿ ವಾದಿಸುತ್ತಿದ್ದಾರೆ. ಮಾಲ್ಕಂ ದೊಡ್ಡ ಬೌಲರನೇ, ಅಥವಾ ಒಂದು ದಿನ ಮಿಂಚಿ ಉಳಿದ ದಿನ ತಂಡಕ್ಕೆ ಹೊರೆಯಾದವನೇ? ಈ ವಾದವನ್ನು ಪಕ್ಕದಲ್ಲಿ ಕುಳಿತು ಕೇಳಿದಾಗ, ಇದು ಕ್ರಿಕೆಟ್ಟಿನ ಜಗಳ ಮಾತ್ರವಲ್ಲ, ದುಡಿಯುವವನ ಬೆಲೆಯನ್ನು ಯಾರು ಹೇಗೆ ಕಟ್ಟುತ್ತಾರೆ ಎಂಬ ಜಗಳ ಎಂದು ನಮಗೆ ತೋರಿತು. ಆದ್ದರಿಂದ ಎರಡು ಕಡೆಯವರ ಮಾತನ್ನೂ ಕೇಳಿಸಿ, ಕೊನೆಗೆ ನಾಲ್ಕು ಮಾತು ಹೇಳಲು ನಾವು ಎದ್ದು ನಿಂತಿದ್ದೇವೆ. ಆಟಗಾರರನ್ನು ಏಕವಚನದಲ್ಲಿ ಕರೆಯುವುದು ನಮ್ಮ ಜನರ ಪ್ರೀತಿಯ ರೂಢಿ. ಅದನ್ನೇ ಇಲ್ಲಿ ಇಟ್ಟುಕೊಳ್ಳುತ್ತೇವೆ, ಅಗೌರವವೆಂದು ಯಾರೂ ತಿಳಿಯಬಾರದು.

ಮೊದಲು ಈ ಮನುಷ್ಯ ಯಾರೆಂಬುದನ್ನು ತಿಳಿಯೋಣ. ಡೆವನ್ ಮಾಲ್ಕಂ ಹುಟ್ಟಿದ್ದು ೧೯೬೩ರ ಫೆಬ್ರವರಿಯಲ್ಲಿ, ಜಮೈಕಾ ದ್ವೀಪದ ಕಿಂಗ್‌ಸ್ಟನ್ ಪಟ್ಟಣದಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿಗೆ ದುಡಿಯುವ ಕೈಗಳು ಬೇಕಾಗಿದ್ದವು. ೧೯೪೮ರಿಂದ ಮೊದಲ್ಗೊಂಡು ವೆಸ್ಟ್ ಇಂಡೀಸಿನ ಸಾವಿರಾರು ಜನ ಹಡಗು ಹತ್ತಿ ಅಲ್ಲಿಗೆ ಹೋದರು. ಬಸ್ಸು ಓಡಿಸಿದರು, ಆಸ್ಪತ್ರೆಯಲ್ಲಿ ಶುಶ್ರೂಷೆ ಮಾಡಿದರು, ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡಿದರು. ಆ ಪ್ರವಾಹದ ಹಿಂದೆ ಹಿಂದೆಯೇ, ೧೯೭೯ರಲ್ಲಿ, ಹದಿನಾರು ವರ್ಷದ ಮಾಲ್ಕಂ ಷೆಫೀಲ್ಡಿಗೆ ಬಂದ. ಷೆಫೀಲ್ಡು ಉಕ್ಕಿನ ಊರು. ಆತ ಬಂದ ಮರುವರ್ಷವೇ, ೧೯೮೦ರಲ್ಲಿ, ಅಲ್ಲಿನ ಉಕ್ಕಿನ ಕಾರ್ಮಿಕರು ಮೂರು ತಿಂಗಳ ದೊಡ್ಡ ಮುಷ್ಕರ ಹೂಡಿದರು. ಕುಲುಮೆಗಳು ಒಂದೊಂದಾಗಿ ತಣ್ಣಗಾಗುತ್ತಿದ್ದ ಕಾಲ ಅದು. ಊರಿನ ಮುಖ್ಯ ಗಿರಣಿಗೆ ಬೀಗ ಬಿದ್ದರೆ ಚಹಾದ ಅಂಗಡಿಯಿಂದ ಬಟ್ಟೆ ಅಂಗಡಿಯವರೆಗೆ ಏನಾಗುತ್ತದೆ ಎಂಬುದನ್ನು ಇಲ್ಲಿ ಕುಳಿತವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಷೆಫೀಲ್ಡು ಇರುವುದು ಯಾರ್ಕ್‌ಷೈರ್ ಪ್ರಾಂತದಲ್ಲಿ. ಅಲ್ಲಿನ ಕ್ರಿಕೆಟ್ ಸಂಘಕ್ಕೆ ಒಂದು ನಿಯಮವಿತ್ತು. ಆ ಪ್ರಾಂತದ ಗಡಿಯೊಳಗೆ ಹುಟ್ಟಿದವನಿಗೆ ಮಾತ್ರ ಆ ತಂಡದಲ್ಲಿ ಜಾಗ. ಊರಿನಲ್ಲಿ ಬೆಳೆದರೂ, ಊರಿನ ಮೈದಾನದಲ್ಲೇ ಬೌಲಿಂಗ್ ಕಲಿತರೂ, ಹುಟ್ಟಿದ್ದು ಕಿಂಗ್‌ಸ್ಟನ್ನಿನಲ್ಲಿ ಎಂದ ಮೇಲೆ ಬಾಗಿಲು ಮುಚ್ಚಿದಂತೆಯೇ. ಜನ್ಮದಿಂದ ಅರ್ಹತೆ ಅಳೆಯುವ ಪದ್ಧತಿ ನಮ್ಮ ದೇಶದ್ದು ಮಾತ್ರ ಎಂದು ತಿಳಿದವರು ಇದನ್ನು ಗಮನಿಸಬೇಕು. ಆ ನಿಯಮ ಸಡಿಲಿದ್ದು ತೊಂಬತ್ತರ ದಶಕದ ಆರಂಭದಲ್ಲಿ. ಹೊರನಾಡಿನಿಂದ ಬಂದು ಆ ತಂಡಕ್ಕೆ ಮೊದಲು ಆಡಿದವನು ನಮ್ಮ ಸಚಿನ್ ತೆಂಡೂಲ್ಕರ್, ೧೯೯೨ರಲ್ಲಿ. ಮಾಲ್ಕಂ ಅಷ್ಟು ಕಾಲ ಕಾಯಲು ಸಾಧ್ಯವಿರಲಿಲ್ಲ. ಪಕ್ಕದ ಡರ್ಬಿಷೈರ್ ತಂಡ ಆತನನ್ನು ೧೯೮೪ರಲ್ಲಿ ಆಡಿಸಿತು. ಐದು ವರ್ಷದ ಮೇಲೆ, ೧೯೮೯ರ ಆಗಸ್ಟಿನಲ್ಲಿ, ಇಂಗ್ಲೆಂಡಿನ ತಂಡದ ಕರೆ ಬಂತು.

ಈಗ ಆತನ ವಿರುದ್ಧ ಇರುವ ವಾದವನ್ನು ನ್ಯಾಯವಾಗಿ ಇಡುತ್ತೇವೆ. ಇದನ್ನು ಮುಚ್ಚಿಟ್ಟು ಹೊಗಳುವುದರಲ್ಲಿ ಅರ್ಥವಿಲ್ಲ.

ಮಾಲ್ಕಂ ಆಡಿದ್ದು ೪೦ ಟೆಸ್ಟು. ತೆಗೆದದ್ದು ೧೨೮ ವಿಕೆಟ್ಟು. ಒಂದೊಂದು ವಿಕೆಟ್ಟಿಗೂ ಕೊಟ್ಟ ರನ್ನು ಸರಾಸರಿ ೩೭ಕ್ಕೂ ಸ್ವಲ್ಪ ಮೇಲೆ. ಅದೇ ಕಾಲದಲ್ಲಿ ಅದೇ ತಂಡಕ್ಕೆ ಆಡಿದ ಆಂಗಸ್ ಫ್ರೇಜರ್ ೪೬ ಟೆಸ್ಟಿನಲ್ಲಿ ೧೭೭ ವಿಕೆಟ್ಟು ತೆಗೆದ, ಸರಾಸರಿ ೨೭. ಒಂದು ವಿಕೆಟ್ಟಿಗೆ ಹತ್ತು ರನ್ನು ಹೆಚ್ಚು ಕೊಡುವವನನ್ನು ಯಾವ ನಾಯಕ ನೆಚ್ಚಿಯಾನು? ಮೊದಲ ಪಂದ್ಯವನ್ನೇ ನೋಡಿ. ನಾಟಿಂಗ್‌ಹ್ಯಾಮಿನಲ್ಲಿ ಆಸ್ಟ್ರೇಲಿಯದ ಟೇಲರ್ ಮತ್ತು ಮಾರ್ಷ್ ಮೊದಲ ದಿನವಿಡೀ ಔಟಾಗದೆ ೩೦೧ ರನ್ನು ಹೊಡೆದರು. ತಂಡದ ಮೊತ್ತ ಆರು ವಿಕೆಟ್ಟಿಗೆ ೬೦೨ ಮುಟ್ಟಿತು. ಮಾಲ್ಕಂ ೪೪ ಓವರ್ ಎಸೆದು, ೧೬೬ ರನ್ನು ಕೊಟ್ಟು, ಒಂದೇ ವಿಕೆಟ್ಟು ಪಡೆದ. ಕೆಲವು ದಿನ ಆತನ ಚೆಂಡು ಬ್ಯಾಟುಗಾರನ ಕಾಲಿನ ಕಡೆ ಹೋಗುತ್ತಿತ್ತು, ಕೆಲವು ದಿನ ಕೈಗೆಟುಕದಷ್ಟು ಆಚೆ. ವಿಕೆಟ್ ಕೀಪರ್ ಎರಡೂ ಕಡೆ ಹಾರಿ ಹಾರಿ ದಣಿಯಬೇಕಾಗಿತ್ತು. ಒಬ್ಬ ತಪ್ಪಿದರೆ ಅವನ ಹೊರೆಯನ್ನು ಉಳಿದ ಮೂವರು ಬೌಲರು ಹೊರಬೇಕು. ಇದು ಸುಳ್ಳಲ್ಲ. "ನಮ್ಮ ಪಾಳಿಯಲ್ಲಿ ಒಬ್ಬನ ಮಗ್ಗ ನಿಂತರೆ ಉಳಿದವರ ಬೆನ್ನು ಮುರಿಯುತ್ತದೆ" ಎಂದು ಇಲ್ಲಿ ಒಬ್ಬ ತರುಣ ಹೇಳಿದ. ಸರಿಯಾದ ಮಾತು.

ಆದರೆ ಅತಿವೇಗದ ಬೌಲಿಂಗ್ ಎಂದರೆ ಎಂಥ ಕೆಲಸ ಎಂಬುದನ್ನೂ ಅಷ್ಟೇ ನ್ಯಾಯವಾಗಿ ನೋಡಬೇಕು. ಆರಡಿ ಮೀರಿದ ಆಳು ದೂರದಿಂದ ಓಡಿ ಬಂದು, ಮೈಭಾರವನ್ನೆಲ್ಲ ಮುಂದಿನ ಕಾಲಿನ ಮೇಲೆ ಹಾಕಿ, ಆ ರಭಸವನ್ನು ಬೆನ್ನಿನಿಂದ ಭುಜಕ್ಕೆ, ಭುಜದಿಂದ ಬೆರಳ ತುದಿಗೆ ಸಾಗಿಸುತ್ತಾನೆ. ಗಂಟೆಗೆ ೧೪೫ ಕಿಲೋಮೀಟರ್ ವೇಗದ ಚೆಂಡು ಬ್ಯಾಟುಗಾರನನ್ನು ತಲುಪಲು ಹಿಡಿಯುವ ಕಾಲ ಸುಮಾರು ಅರ್ಧ ಸೆಕೆಂಡು. ಕೈಬಿಡುವ ಕೋನ ಒಂದೇ ಒಂದು ಡಿಗ್ರಿ ತಪ್ಪಿದರೂ ಆ ತುದಿಯಲ್ಲಿ ಚೆಂಡು ಒಂದು ಅಡಿ ಆಚೆ ಬೀಳುತ್ತದೆ. ಶಾಲೆಯ ಲೆಕ್ಕ ಬಲ್ಲವರು ಹಾಕಿ ನೋಡಬಹುದು. ನಿಧಾನವಾಗಿ ಎಸೆಯುವವನಿಗೂ ಕೋನ ತಪ್ಪಿದರೆ ಅಷ್ಟೇ ಅಂತರ. ಆದರೆ ಅವನಿಗೆ ಮೈ ಹಿಡಿತದಲ್ಲಿಟ್ಟುಕೊಳ್ಳಲು ಬಿಡುವಿದೆ, ವೇಗದವನಿಗೆ ಇಲ್ಲ. ವೇಗ ಹೆಚ್ಚಿಸಿದಷ್ಟೂ ನೂಲು ಹರಿಯುವ ಅಪಾಯ ಹೆಚ್ಚು ಎಂಬುದು ಮಗ್ಗದ ಮುಂದೆ ನಿಂತವರಿಗೆಲ್ಲ ಗೊತ್ತು. ಹಾಗೆಂದು ಯಾವ ಧಣಿಯೂ ವೇಗದ ಮಗ್ಗವನ್ನು ಬೀದಿಗೆಸೆಯುವುದಿಲ್ಲ. ಒಳ್ಳೆಯ ಫಿಟ್ಟರನನ್ನು ಹುಡುಕುತ್ತಾನೆ.

ಇನ್ನು ಆತನ ಪರವಾದ ವಾದ. ೧೯೯೦ರ ಮೊದಲಲ್ಲಿ ಇಂಗ್ಲೆಂಡು ವೆಸ್ಟ್ ಇಂಡೀಸಿಗೆ ಹೋಯಿತು. ೧೯೭೪ರಿಂದ ಆವರೆಗೆ ವೆಸ್ಟ್ ಇಂಡೀಸಿನ ಮೇಲೆ ಒಂದು ಟೆಸ್ಟನ್ನೂ ಗೆಲ್ಲದ ತಂಡ ಅದು. ಮೊದಲ ಪಂದ್ಯ ಕಿಂಗ್‌ಸ್ಟನ್ನಿನಲ್ಲಿ, ಮಾಲ್ಕಂ ಹುಟ್ಟಿದ ಊರಿನಲ್ಲಿಯೇ. ಎರಡನೆಯ ಇನಿಂಗ್ಸಿನಲ್ಲಿ ಆತ ನಾಲ್ಕು ವಿಕೆಟ್ಟು ತೆಗೆದ. ಅವುಗಳಲ್ಲಿ ಒಂದು ವಿವಿಯನ್ ರಿಚರ್ಡ್ಸನದು. ಇಂಗ್ಲೆಂಡು ಒಂಬತ್ತು ವಿಕೆಟ್ಟುಗಳಿಂದ ಗೆದ್ದಿತು. ಮುಂದೆ ಟ್ರಿನಿಡಾಡಿನಲ್ಲಿ ಒಂದೇ ಪಂದ್ಯದಲ್ಲಿ ೧೩೭ ರನ್ನಿಗೆ ಹತ್ತು ವಿಕೆಟ್ಟು ಕಿತ್ತ. ಅದೇ ಆಗಸ್ಟಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಹದಿನೇಳರ ತೆಂಡೂಲ್ಕರ್ ತನ್ನ ಮೊದಲ ಟೆಸ್ಟ್ ಶತಕ ಹೊಡೆದು ಭಾರತವನ್ನು ಉಳಿಸಿದಾಗ ಎದುರಿಸಿದ ಬೌಲರುಗಳಲ್ಲಿ ಈ ಮಾಲ್ಕಮನೂ ಒಬ್ಬ.

ಎಲ್ಲಕ್ಕಿಂತ ದೊಡ್ಡದು ೧೯೯೪ರ ಆಗಸ್ಟಿನ ಕಥೆ. ದಕ್ಷಿಣ ಆಫ್ರಿಕದ ತಂಡ ೨೯ ವರ್ಷಗಳ ಮೇಲೆ ಇಂಗ್ಲೆಂಡಿಗೆ ಬಂದಿತ್ತು. ಅಷ್ಟು ಕಾಲ ಅದು ಹೊರಗಿದ್ದುದಕ್ಕೆ ಕಾರಣ ವರ್ಣದ್ವೇಷದ ಸರಕಾರ. ೧೯೬೮ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಬೇಸಿಲ್ ಡಾಲಿವೆರಾ ಇಂಗ್ಲೆಂಡಿನ ಪರ ೧೫೮ ರನ್ನು ಹೊಡೆದಿದ್ದ. ಆತ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಮಿಶ್ರವರ್ಣದವನು, ತನ್ನ ನೆಲದಲ್ಲಿ ಅವಕಾಶವಿಲ್ಲದೆ ಇಂಗ್ಲೆಂಡಿಗೆ ಬಂದವನು. ಆತ ಇರುವ ತಂಡವನ್ನು ತನ್ನ ದೇಶದೊಳಗೆ ಬಿಡಲು ಅಲ್ಲಿನ ಪ್ರಧಾನಿ ಫೋರ್ಸ್ಟರ್ ಒಪ್ಪಲಿಲ್ಲ. ಪ್ರವಾಸ ರದ್ದಾಯಿತು. ಪ್ರತಿಭಟನೆ ಬೆಳೆದು ಆ ದೇಶವೇ ಟೆಸ್ಟ್ ಕ್ರಿಕೆಟ್ಟಿನಿಂದ ಹೊರಬಿತ್ತು. ೧೯೯೪ರ ಮೇ ೧೦ರಂದು ನೆಲ್ಸನ್ ಮಂಡೇಲಾ ಅಧ್ಯಕ್ಷರಾದರು. ಆ ಬೇಸಿಗೆಯಲ್ಲಿಯೇ ಈ ತಂಡ ಬಂತು. ದೇಶ ಬದಲಾಗಿತ್ತು, ಆದರೆ ಓವಲ್ಲಿನಲ್ಲಿ ಇಳಿದ ಹನ್ನೊಂದು ಜನರೂ ಬಿಳಿಯರೇ.

ಲಾರ್ಡ್ಸಿನಲ್ಲಿ ಅವರು ೩೫೬ ರನ್ನುಗಳಿಂದ ಗೆದ್ದಿದ್ದರು. ಎರಡನೆಯ ಪಂದ್ಯ ಸಮವಾಗಿತ್ತು. ಮೂರನೆಯದು ಓವಲ್ಲಿನಲ್ಲಿ. ಹನ್ನೊಂದನೆಯವನಾಗಿ ಬ್ಯಾಟು ಹಿಡಿದು ಬಂದ ಮಾಲ್ಕಮನಿಗೆ ಡಿ ವಿಲಿಯರ್ಸ್ ಎಸೆದ ಚೆಂಡು ನೇರ ಶಿರಸ್ತ್ರಾಣಕ್ಕೆ, ಹಣೆಯ ಮಟ್ಟದಲ್ಲಿ ಬಡಿಯಿತು. ಬಡಿದವರನ್ನು ನೋಡಿ "ನಿಮ್ಮ ಕಥೆ ಮುಗಿಯಿತು" ಎಂಬ ಅರ್ಥದ ಮಾತನ್ನು ಆತ ಹೇಳಿದ್ದು ಕ್ರಿಕೆಟ್ ಬಲ್ಲವರಿಗೆಲ್ಲ ತಿಳಿದಿದೆ. ಆಮೇಲೆ ಚೆಂಡು ಹಿಡಿದ. ಒಂದು ರನ್ನಾಗುವಷ್ಟರಲ್ಲಿ ಮೂವರು ಹೊರಟುಹೋಗಿದ್ದರು. ಕಲಿನನ್ ಒಬ್ಬ ಎದೆಗುಂದದೆ ನಿಂತು ೯೪ ಹೊಡೆದ. ಮಾಲ್ಕಮನಿಗೆ ದಕ್ಕದ ಒಂದೇ ವಿಕೆಟ್ಟು ಅವನದು. ಉಳಿದ ಒಂಬತ್ತೂ ಮಾಲ್ಕಮನ ಪಾಲು. ೧೬ ಓವರ್ ಮೂರು ಚೆಂಡು, ೫೭ ರನ್ನು, ೯ ವಿಕೆಟ್ಟು. ತಂಡ ೧೭೫ಕ್ಕೆ ಮುಗಿಯಿತು. ಇಂಗ್ಲೆಂಡು ಎಂಟು ವಿಕೆಟ್ಟುಗಳಿಂದ ಗೆದ್ದು ಸರಣಿಯನ್ನು ಸಮ ಮಾಡಿಕೊಂಡಿತು.

ಇಷ್ಟು ಎರಡೂ ಕಡೆಯ ಸಾಕ್ಷ್ಯ. ಒಂದು ಕಡೆ ೩೭ರ ಸರಾಸರಿ, ಇನ್ನೊಂದು ಕಡೆ ೫೭ಕ್ಕೆ ಒಂಬತ್ತು. ಎರಡೂ ನಿಜ. ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗುತ್ತ ಕುಳಿತರೆ ವಾದ ಯುಗಾದಿಯಿಂದ ಯುಗಾದಿಗೆ ಮುಗಿಯದು. ನಮ್ಮ ಮಾತು ಬೇರೆ. ಈ ಲೆಕ್ಕ ಎಂಥ ಸ್ಥಿತಿಯಲ್ಲಿ ಹುಟ್ಟಿತು ಎಂಬುದನ್ನು ಎರಡು ಪಂಗಡದವರೂ ಕೇಳಲಿಲ್ಲ.

ಕೇಳಿ ನೋಡೋಣ. ೧೯೯೩ರಲ್ಲಿ ಆಸ್ಟ್ರೇಲಿಯದವರು ಬಂದು ಇಂಗ್ಲೆಂಡನ್ನು ಒಂದರ ಮೇಲೊಂದು ಪಂದ್ಯದಲ್ಲಿ ಬಡಿದರು. ಮಾಲ್ಕಂ ಹೊರಗಿದ್ದ. ಸರಣಿ ಕೈತಪ್ಪಿದ ಮೇಲೆ ಕೊನೆಯ ಟೆಸ್ಟಿಗೆ, ಅದೇ ಓವಲ್ಲಿಗೆ, ಕರೆ ಬಂತು. ಎರಡು ಇನಿಂಗ್ಸಿನಲ್ಲಿ ಮೂರು ಮೂರರಂತೆ ಆರು ವಿಕೆಟ್ಟು ತೆಗೆದ. ಆ ಬೇಸಿಗೆಯಲ್ಲಿ ಇಂಗ್ಲೆಂಡು ಗೆದ್ದ ಟೆಸ್ಟು ಅದೊಂದೇ. ಮರುವರ್ಷ ೧೯೯೪ರಲ್ಲಿ ನ್ಯೂಜಿಲೆಂಡಿನ ವಿರುದ್ಧ ಮೊದಲ ಪಂದ್ಯ ಆಡಿಸಿ ಕೈಬಿಟ್ಟರು. ಬೇಸಿಗೆಯೆಲ್ಲ ಕಳೆದು, ಲಾರ್ಡ್ಸಿನಲ್ಲಿ ಸೋತ ಮೇಲೆ, ಗೆಲ್ಲಲೇಬೇಕಾದ ಕೊನೆಯ ಪಂದ್ಯಕ್ಕೆ ಓವಲ್ಲಿಗೆ ಮತ್ತೆ ಕರೆದರು. ಆ ಒಂಬತ್ತು ವಿಕೆಟ್ಟು ಆ ದಿನದ್ದು. ಎಂಟು ವರ್ಷದಲ್ಲಿ ೪೦ ಟೆಸ್ಟು ಎಂದರೆ ಹೀಗೆಯೇ. ಕರೆದರು, ಕಳಿಸಿದರು, ಮತ್ತೆ ಕರೆದರು.

ಇದಕ್ಕೆ ಗಿರಣಿಯ ಭಾಷೆಯಲ್ಲಿ ಒಂದು ಹೆಸರಿದೆ. ಬದಲಿ. ಬಟ್ಟೆ ಗಿರಣಿಗಳು ಭರ್ತಿಯಾಗಿ ನಡೆಯುತ್ತಿದ್ದ ಕಾಲದಲ್ಲಿ ಬದಲಿಯವನು ಬೆಳಗಿನ ಭೋಂಗಾ ಆಗುವ ಮೊದಲೇ ಚೀಟಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ. ಕಾಯಂ ಆಳು ಬರದಿದ್ದರೆ ಜಾಬರ್ ಕೂಗುತ್ತಿದ್ದ, ಬಂದರೆ ಇವನು ಮನೆಗೆ. ಇಂದು ಒಂದು ಮಗ್ಗ, ನಾಳೆ ಇನ್ನೊಂದು, ನಾಡಿದ್ದು ಏನೂ ಇಲ್ಲ. ಯಾವ ಮಗ್ಗದ ಸ್ವಭಾವವೂ ಕೈಗೆ ಹತ್ತುವುದಿಲ್ಲ. ಕೆಲಸ ಸಿಕ್ಕ ದಿನ ನಾಳೆಯೂ ಕರೆಯಲಿ ಎಂದು ಮೈಮುರಿದು ಓಡಿಸುತ್ತಾನೆ, ನೂಲು ಹರಿಯುತ್ತದೆ. ತಿಂಗಳ ಕೊನೆಗೆ ಮಾಸ್ತರರು ಪುಸ್ತಕ ತೆರೆದು, "ನೋಡಿ, ಇವನ ಉತ್ಪನ್ನ ಒಂದೇ ಸಮನಾಗಿಲ್ಲ, ಇವನನ್ನು ಕಾಯಂ ಮಾಡಲು ಬರುವುದಿಲ್ಲ" ಎನ್ನುತ್ತಾರೆ. ಪುಸ್ತಕದಲ್ಲಿ ಸುಳ್ಳಿಲ್ಲ. ಆದರೆ ಆ ಏರುಪೇರನ್ನು ಮಾಡಿದವರು ಯಾರು? ಆಳನ್ನು ಅಸ್ಥಿರವಾಗಿ ಇಟ್ಟವರೇ ಅವನು ಅಸ್ಥಿರ ಎಂದು ಬರೆಯುತ್ತಾರೆ. ಈಗ ಬದಲಿ ಎಂಬ ಹೆಸರು ಕಡಿಮೆಯಾಗಿ ಗುತ್ತಿಗೆ ಎಂಬ ಹೆಸರು ಬಂದಿದೆ. ಪುಸ್ತಕ ಬರೆಯುವ ಕೈ ಅದೇ.

ನಾವು ಶಾಲೆಯಲ್ಲಿ ಹಲವು ವರ್ಷ ಹಾಜರಿ ಪುಸ್ತಕ ಹಿಡಿದವರು. ಹತ್ತಿ ಬಿಡಿಸುವ ಕಾಲದಲ್ಲಿ ವಾರಗಟ್ಟಲೆ ಬಾರದ ಹುಡುಗನ ಹೆಸರಿನ ಮುಂದೆ 'ಓದಿನಲ್ಲಿ ನಿಷ್ಠೆಯಿಲ್ಲ' ಎಂದು ಬರೆದಿದ್ದೇವೆ. ಅವನ ಮನೆಗೆ ಹೋಗಿ ನೋಡಿದ ಮೇಲೆ ಬರೆದ ಕೈಗೆ ನಾಚಿಕೆಯಾಯಿತು. ಅಕ್ಷರ ಸುಳ್ಳಾಗಿರಲಿಲ್ಲ, ತೀರ್ಪು ಸುಳ್ಳಾಗಿತ್ತು.

ಮಾಲ್ಕಮನ ವಿಷಯದಲ್ಲಿ ಇದಕ್ಕೆ ಇನ್ನೊಂದು ಭಾರ ಸೇರಿತು. ಅದು ನಿಷ್ಠೆಯ ಪ್ರಶ್ನೆ. ೧೯೯೦ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ಕನ್ಸರ್ವೇಟಿವ್ ಪಕ್ಷದ ಮಾಜಿ ಮಂತ್ರಿ ನಾರ್ಮನ್ ಟೆಬಿಟ್ ಒಂದು ಮಾತು ತೆಗೆದರು. ಹೊರಗಿನಿಂದ ಬಂದು ನೆಲಸಿದವರು ಕ್ರಿಕೆಟ್ಟಿನಲ್ಲಿ ಯಾವ ತಂಡಕ್ಕೆ ಚಪ್ಪಾಳೆ ಹೊಡೆಯುತ್ತಾರೆ ಎಂಬುದೇ ಅವರ ನಿಷ್ಠೆಯ ಪರೀಕ್ಷೆ ಎಂದರು. ತಾರೀಖನ್ನು ಗಮನಿಸಿ. ಅದಕ್ಕೆ ಕೆಲವೇ ವಾರಗಳ ಹಿಂದೆ ಜಮೈಕಾದಲ್ಲಿ ಹುಟ್ಟಿದ ಒಬ್ಬ ದುಡಿಮೆಗಾರ ಜಮೈಕಾದಲ್ಲಿಯೇ ಇಂಗ್ಲೆಂಡಿಗಾಗಿ ಬೆವರು ಸುರಿಸಿ ಪಂದ್ಯ ಗೆದ್ದುಕೊಟ್ಟಿದ್ದ. ಬಿಳಿಯ ಆಟಗಾರ ಕೆಟ್ಟದಾಗಿ ಎಸೆದರೆ ಅವನ ತೋಳು ನೋಡುತ್ತಾರೆ, ಕರಿಯನು ಕೆಟ್ಟದಾಗಿ ಎಸೆದರೆ ಅವನ ರಕ್ತ ನೋಡುತ್ತಾರೆ. ಇದು ನಮ್ಮ ಅಲಂಕಾರವಲ್ಲ. ೧೯೯೫ರ ಜುಲೈಯಲ್ಲಿ ವಿಸ್ಡನ್ ಕ್ರಿಕೆಟ್ ಮಂತ್ಲಿ ಎಂಬ ಮಾಸಿಕ, ಹೊರದೇಶದಲ್ಲಿ ಹುಟ್ಟಿದವರು ಮತ್ತು ಕರಿಯ ಮೂಲದವರು ಇಂಗ್ಲೆಂಡಿಗಾಗಿ ಮನಸ್ಸಿಟ್ಟು ಆಡಬಲ್ಲರೇ ಎಂದು ಸಂಶಯಪಡುವ ಲೇಖನವನ್ನು ಅಚ್ಚು ಹಾಕಿತು. ಒಂಬತ್ತು ವಿಕೆಟ್ಟು ತೆಗೆದು ವರ್ಷ ತುಂಬಿರಲಿಲ್ಲ. ಮಾಲ್ಕಂ ಮತ್ತು ಡೊಮಿನಿಕಾದಲ್ಲಿ ಹುಟ್ಟಿದ ಫಿಲಿಪ್ ಡಿಫ್ರೇಟಸ್ ಸುಮ್ಮನೆ ಕೂರಲಿಲ್ಲ. ಕಾನೂನಿನ ದಾರಿ ಹಿಡಿದರು. ಪತ್ರಿಕೆ ಪರಿಹಾರ ತೆತ್ತು ನ್ಯಾಯಾಲಯದ ಹೊರಗೆ ರಾಜಿ ಮಾಡಿಕೊಂಡಿತು. ಅವಮಾನವನ್ನು ನುಂಗಿಕೊಳ್ಳುವುದೇ ಸಭ್ಯತೆ ಎಂದು ತಿಳಿದವರು ಈ ಇಬ್ಬರಿಂದ ಕಲಿಯುವುದಿದೆ.

ಅದೇ ವರ್ಷದ ಕೊನೆಗೆ ಇಂಗ್ಲೆಂಡು ದಕ್ಷಿಣ ಆಫ್ರಿಕಕ್ಕೆ ಹೋಯಿತು. ಅಕ್ಟೋಬರಿನಲ್ಲಿ ಸೊವೆಟೊದ ಮೈದಾನಕ್ಕೆ ಮಂಡೇಲಾ ಬಂದರು. ಸಾಲಾಗಿ ನಿಂತ ಆಟಗಾರರಲ್ಲಿ ಮಾಲ್ಕಮನ ಮುಂದೆ ನಿಂತು, ನೀನು ನನಗೆ ಗೊತ್ತು, ನೀನೇ ಆ ವಿಧ್ವಂಸಕ ಎಂದರು. ೨೭ ವರ್ಷ ಸೆರೆಯಲ್ಲಿದ್ದ ಆ ಹಿರಿಯರಿಗೆ ಆ ಒಂಬತ್ತು ವಿಕೆಟ್ಟಿನ ಬೆಲೆ ತಿಳಿದಿತ್ತು. ತಿಳಿಯದೆ ಹೋದದ್ದು ಆತನ ತಂಡದ ಯಜಮಾನಿಕೆಗೆ. ವ್ಯವಸ್ಥಾಪಕ ರೇ ಇಲ್ಲಿಂಗ್‌ವರ್ತ್, ಬೌಲಿಂಗ್ ತರಬೇತುದಾರ ಪೀಟರ್ ಲೀವರ್ ಇಬ್ಬರೂ ಆತನ ಬೌಲಿಂಗ್ ರೀತಿಯನ್ನೇ ತಿದ್ದಬೇಕೆಂದು ಹೊರಟರು. ಮೂವತ್ತೆರಡು ವರ್ಷದವನಿಗೆ, ಪ್ರವಾಸದ ನಡುವೆ! ತಿದ್ದುವುದು ತಪ್ಪಲ್ಲ. ಆದರೆ ಒಳಗೆ ಹೇಳಬೇಕಾದ್ದು ಪತ್ರಿಕೆಗಳ ಪಾಲಾಯಿತು. ವೇಗವೊಂದನ್ನು ಬಿಟ್ಟರೆ ಕ್ರಿಕೆಟ್ಟಿನಲ್ಲಿ ಈತ ಏನೂ ಅಲ್ಲ ಎಂಬರ್ಥದ ಮಾತು ಊರೆಲ್ಲ ಓದುವಂತೆ ಅಚ್ಚಾಯಿತು. ತನ್ನ ಆಳನ್ನು ಅಂಗಡಿಯ ಮುಂದೆ ನಿಲ್ಲಿಸಿ ಗಿರಾಕಿಗಳ ಎದುರಿಗೆ ಬೈಯುವ ಯಜಮಾನ ಆಳಿನ ಕೆಲಸವನ್ನೂ ಕೆಡಿಸುತ್ತಾನೆ, ಅಂಗಡಿಯ ಹೆಸರನ್ನೂ ಕೆಡಿಸುತ್ತಾನೆ.

೧೯೯೬ರ ಜನವರಿ, ಕೇಪ್‌ಟೌನ್, ಸರಣಿಯ ಕೊನೆಯ ಟೆಸ್ಟು. ಡರ್ಬನ್ನಿನಲ್ಲಿ, ಪೋರ್ಟ್ ಎಲಿಜಬೆತ್ತಿನಲ್ಲಿ ಹೊರಗೆ ಕೂರಿಸಿದ ಮೇಲೆ ಮತ್ತೆ ಮಾಲ್ಕಮನಿಗೆ ಕರೆ. ದಕ್ಷಿಣ ಆಫ್ರಿಕದ ಒಂಬತ್ತು ವಿಕೆಟ್ಟು ಬಿದ್ದಿದ್ದವು. ಕೊನೆಯವನನ್ನು ಕೀಳೆಂದು ಹೊಸ ಚೆಂಡನ್ನು ಆತನ ಕೈಗೆ ಕೊಟ್ಟರು. ಆತ ಕೆಟ್ಟದಾಗಿ ಎಸೆದ, ಇದನ್ನು ಮರೆಮಾಚಬೇಕಾಗಿಲ್ಲ. ಕೀಪರ್ ರಿಚರ್ಡ್ಸನ್ ಮತ್ತು ಹದಿನೆಂಟು ವರ್ಷದ ಪಾಲ್ ಆಡಮ್ಸ್ ೭೩ ರನ್ನು ಸೇರಿಸಿಬಿಟ್ಟರು. ಆ ಆಡಮ್ಸ್ ಕೇಪ್‌ಟೌನಿನ ಮಿಶ್ರವರ್ಣದ ಹುಡುಗ. ಡಾಲಿವೆರಾನಿಗೆ ಮುಚ್ಚಿದ್ದ ಬಾಗಿಲು ಅವನಿಗೆ ತೆರೆದಿತ್ತು. ಇಂಗ್ಲೆಂಡು ಹತ್ತು ವಿಕೆಟ್ಟುಗಳಿಂದ ಸೋತಿತು. ಎರಡು ಇನಿಂಗ್ಸಿನಲ್ಲಿ ೧೫೩ ಮತ್ತು ೧೫೭ಕ್ಕೆ ಉರುಳಿದ ಬ್ಯಾಟುಗಾರರು ಏಳೆಂಟು ಜನ. ಆದರೂ ಪಂದ್ಯ ಸೋತದ್ದು ನಿನ್ನಿಂದ ಎಂಬ ಮಾತು ಬಿದ್ದದ್ದು ಮಾಲ್ಕಮನ ತಲೆಯ ಮೇಲೆ. ನಾನು ಬಿಳಿಯನಾಗಿದ್ದರೆ ಹೀಗೆ ನಡೆಸಿಕೊಳ್ಳುತ್ತಿದ್ದರೇ ಎಂದು ಆತ ಊರಿಗೆ ಮರಳಿದ ಮೇಲೆ ಪತ್ರಿಕೆಯಲ್ಲಿ ಬಹಿರಂಗವಾಗಿ ಕೇಳಿದ. ಗಲಾಟೆಯಾಯಿತು. ಆ ವರ್ಷ ಟೆಸ್ಟ್ ತಂಡದ ಬಾಗಿಲು ತೆರೆಯಲಿಲ್ಲ. ೧೯೯೭ರಲ್ಲಿ ಕೆಲವು ಪಂದ್ಯಗಳಿಗೆ ಕರೆದರು. ಅಲ್ಲಿಗೆ ಮುಗಿಯಿತು.

ಇಲ್ಲಿ ಒಬ್ಬ ಮಿತ್ರ ಎದ್ದು, "ಎಲ್ಲವನ್ನೂ ಬಣ್ಣದ ಮೇಲೆ ಹಾಕಬೇಡಿ, ಬಿಳಿಯರನ್ನೂ ಹೀಗೆಯೇ ತೆಗೆದು ಹಾಕುತ್ತಿದ್ದರಲ್ಲ" ಎಂದ. ಒಪ್ಪಿದೆವು. ೧೯೮೯ರ ಒಂದೇ ಸರಣಿಯಲ್ಲಿ ಇಂಗ್ಲೆಂಡು ೨೯ ಜನರನ್ನು ಆಡಿಸಿತು. ಇಷ್ಟು ನೆಚ್ಚಿಕೆಯ ಫ್ರೇಜರನನ್ನೂ ಇಲ್ಲಿಂಗ್‌ವರ್ತರ ಸಮಿತಿ ೧೯೯೪ರ ಆಸ್ಟ್ರೇಲಿಯ ಪ್ರವಾಸಕ್ಕೆ ಮೊದಲು ಆರಿಸಿರಲಿಲ್ಲ. ಆಳನ್ನು ಕಾಯಂ ಮಾಡದೆ ಬಾಗಿಲಲ್ಲಿ ನಿಲ್ಲಿಸುವುದು ಆ ಯಜಮಾನಿಕೆಯ ಸಾಮಾನ್ಯ ಚಾಳಿ. ನಾವು ಹೇಳುವುದೂ ಇದನ್ನೇ. ಎಲ್ಲರೂ ಬದಲಿಗಳಾಗಿರುವ ಗಿರಣಿಯಲ್ಲಿ ಹೊರಗಿನಿಂದ ಬಂದವನು ಬದಲಿಗಳಲ್ಲಿಯೂ ಬದಲಿ. ಬಿಳಿಯ ಬದಲಿಗೆ 'ಕೆಲಸ ಬಾರದು' ಎಂಬ ಒಂದೇ ಆರೋಪ. ಕರಿಯ ಬದಲಿಗೆ 'ಕೆಲಸ ಬಾರದು, ಮನಸ್ಸೂ ಇಲ್ಲ' ಎಂದು ಎರಡು. ವರ್ಗದ ಪ್ರಶ್ನೆ ಬೇರೆ, ವರ್ಣದ ಪ್ರಶ್ನೆ ಬೇರೆ ಎಂದು ವಾದಿಸುವವರಿಗೆ ಮಾಲ್ಕಮನ ಬದುಕು ಒಂದು ಉತ್ತರ. ಎರಡು ಹಗ್ಗ ಸೇರಿಯೇ ಗಂಟು ಬೀಳುತ್ತದೆ.

ಹೀಗಲ್ಲದೆ ಬೇರೆ ಹೇಗೆ ನಡೆಸಿಕೊಳ್ಳಬಹುದಿತ್ತು? ಉತ್ತರಕ್ಕಾಗಿ ಅದೇ ಓವಲ್ ಮೈದಾನದ ಇನ್ನೊಂದು ಆಗಸ್ಟನ್ನು ನೋಡಿ, ೧೯೭೧ರದ್ದು. ನಮ್ಮ ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರನಿಗೆ ಎಳವೆಯಲ್ಲಿ ಪೋಲಿಯೊ ತಗಲಿ ಬಲಗೈ ಸೊರಗಿತ್ತು. ಅದೇ ಕೈಯಿಂದ ಆತ ವೇಗವಾಗಿ ತಿರುಗುವ ಚೆಂಡು ಎಸೆಯುತ್ತಿದ್ದ. ಮುಂದಿನ ಚೆಂಡು ಎತ್ತ ತಿರುಗುತ್ತದೆ ಎಂಬುದು ಅವನಿಗೇ ಗೊತ್ತಿಲ್ಲ ಎಂದು ಜನ ನಗುತ್ತಿದ್ದರು. ನಮ್ಮ ಆಯ್ಕೆಗಾರರೂ ಪುಣ್ಯವಂತರೇನಲ್ಲ. ೧೯೬೭-೬೮ರ ಆಸ್ಟ್ರೇಲಿಯ ಪ್ರವಾಸದ ಮೇಲೆ ಮೂರು ವರ್ಷ ಅವನನ್ನು ಹೊರಗಿಟ್ಟರು. ಆದರೆ ೧೯೭೧ರಲ್ಲಿ ಇಂಗ್ಲೆಂಡಿಗೆ ಕರೆದೊಯ್ದ ಮೇಲೆ ನಾಯಕ ವಾಡೇಕರ್ ಮೂರು ಟೆಸ್ಟಿನಲ್ಲಿಯೂ ಅವನನ್ನು ಆಡಿಸಿದ. ಒಂದು ತುದಿಯಲ್ಲಿ ಬೇಡಿ, ವೆಂಕಟರಾಘವನ್‌ರಂಥ ಬಿಗಿಯಾದ ಕೈಗಳು, ಇನ್ನೊಂದು ತುದಿಯಲ್ಲಿ ಚಂದ್ರನ ಬಿಡುಗೈ. ಓವಲ್ಲಿನಲ್ಲಿ ೩೮ ರನ್ನಿಗೆ ಆರು ವಿಕೆಟ್ಟು, ಇಂಗ್ಲೆಂಡು ೧೦೧ಕ್ಕೆ ಔಟು. ಆಗಸ್ಟ್ ೨೪ರಂದು ಭಾರತ ಇಂಗ್ಲೆಂಡಿನ ನೆಲದಲ್ಲಿ ಮೊದಲ ಟೆಸ್ಟನ್ನೂ ಮೊದಲ ಸರಣಿಯನ್ನೂ ಗೆದ್ದಿತು. ಚಂದ್ರ ಮುಂದೆಯೂ ರನ್ನು ಕೊಟ್ಟ, ತಪ್ಪೆಸೆದ. ಆದರ ಜೊತೆಗೇ ೫೮ ಟೆಸ್ಟಿನಲ್ಲಿ ೨೪೨ ವಿಕೆಟ್ಟು ತೆಗೆದ.

ಮಾಲ್ಕಮನಿಗೆ ಚಂದ್ರನಷ್ಟು ಕಲೆ ಇತ್ತೆಂದು ನಾವು ಹೇಳುತ್ತಿಲ್ಲ. ಇಬ್ಬರ ಕೆಲಸವೂ ಬೇರೆ. ಆದರೆ ಒಂದು ಪಾಠ ಸಮಾನ. ಏರುಪೇರಿನ ಪ್ರತಿಭೆಯನ್ನು ತಂಡವೊಂದು ಉಪಯೋಗಿಸಿಕೊಳ್ಳಬೇಕಾದರೆ ಅವನ ಪಕ್ಕದಲ್ಲಿ ಸ್ಥಿರವಾದವನನ್ನು ನಿಲ್ಲಿಸಬೇಕು, ನಾಳೆಯ ಭಯವನ್ನು ಅವನ ಬೆನ್ನಿನಿಂದ ಇಳಿಸಬೇಕು. ಫ್ರೇಜರ್ ಇದ್ದ, ಮಾಲ್ಕಂ ಇದ್ದ. ಇಬ್ಬರನ್ನೂ ವರ್ಷಗಟ್ಟಲೆ ಒಂದೇ ತಂಡದಲ್ಲಿ ಬಿಟ್ಟು ನೋಡುವ ತಾಳ್ಮೆ ಯಜಮಾನಿಕೆಗೆ ಇರಲಿಲ್ಲ. ಆದ್ದರಿಂದ ಫ್ರೇಜರ್ ದೊಡ್ಡವನೇ ಮಾಲ್ಕಂ ದೊಡ್ಡವನೇ ಎಂಬ ಜಗಳವೇ ತಪ್ಪು ಜಗಳ. ದುಡಿಯುವ ಇಬ್ಬರನ್ನು ಎದುರುಬದುರು ನಿಲ್ಲಿಸಿದರೆ ಪುಸ್ತಕ ಹಿಡಿದವನು ತಪ್ಪಿಸಿಕೊಳ್ಳುತ್ತಾನೆ.

ಮಾಲ್ಕಂ ಮುರಿದು ಬೀಳಲಿಲ್ಲ. ಡರ್ಬಿಷೈರಿನ ಮೇಲೆ ನಾರ್ತಾಂಪ್ಟನ್‌ಷೈರ್, ಲೆಸ್ಟರ್‌ಷೈರ್ ತಂಡಗಳಿಗೆ ಆಡಿ, ನಲವತ್ತರ ವಯಸ್ಸಿನವರೆಗೂ ಓಡಿ ಓಡಿ ಎಸೆದು, ೨೦೦೩ರಲ್ಲಿ ನಿಲ್ಲಿಸಿದ. ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಒಟ್ಟು ೧೦೫೪ ವಿಕೆಟ್ಟು. ಹಂಗಾಮು ಹಂಗಾಮಿಗೂ ಕರೆದು ಚೆಂಡು ಕೊಟ್ಟ ಕಡೆ ಸಾವಿರ ದಾಟಿದವನು 'ನೆಚ್ಚಲಾಗದವನು' ಆಗುವುದು ಹೇಗೆ? ನಮ್ಮ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ. ಇನ್ನು ೨೦೨೩ರ ಜೂನಿನಲ್ಲಿ ಇಂಗ್ಲೆಂಡಿನ ಸ್ವತಂತ್ರ ಆಯೋಗವೊಂದು ಅಲ್ಲಿನ ಕ್ರಿಕೆಟ್ಟಿನಲ್ಲಿ ವರ್ಣಭೇದ, ಲಿಂಗಭೇದ, ವರ್ಗಭೇದಗಳು ಬೇರೂರಿವೆ ಎಂದು ವರದಿ ಕೊಟ್ಟಿತು. ಮಂಡಳಿ ಕ್ಷಮೆ ಕೇಳಿತು. ಮಾಲ್ಕಂ ಪತ್ರಿಕೆಯಲ್ಲಿ ಪ್ರಶ್ನೆ ಕೇಳಿ ಆಗ ೨೭ ವರ್ಷವಾಗಿತ್ತು.

ಮಿತ್ರರೆ, ಇಷ್ಟೆಲ್ಲ ಹೇಳಿದ್ದು ಇಂಗ್ಲೆಂಡಿನವರಿಗೆ ಬುದ್ಧಿ ಕಲಿಸಲು ಅಲ್ಲ. ನಮ್ಮ ಮನೆಯನ್ನು ಗುಡಿಸಿಕೊಳ್ಳಲು. ನಮ್ಮ ಸಂಘದ ಸಭೆಯಲ್ಲಿಯೂ ಗುತ್ತಿಗೆಯ ಹುಡುಗರ ಮಾತು ಬಂದಾಗ, "ಅವರಿಗೆ ಕೆಲಸ ಹತ್ತುವುದಿಲ್ಲ, ಒಂದು ದಿನ ಬರುತ್ತಾರೆ ಒಂದು ದಿನ ಇಲ್ಲ" ಎಂದು ಕಾಯಂ ಆದವರು ಹೇಳುವುದನ್ನು ನಾವು ಕೇಳಿದ್ದೇವೆ. ಹೊರಜಿಲ್ಲೆಯಿಂದ, ಹೊರರಾಜ್ಯದಿಂದ ಬಂದ ಕೂಲಿಯವನ ಬಗೆಗೆ, "ಅವನಿಗೆ ಈ ಊರಿನ ಮೇಲೆ ಮಮತೆ ಎಲ್ಲಿಯದು?" ಎಂದೂ ಕೇಳಿದ್ದೇವೆ. ಟೆಬಿಟ್ ಸಾಹೇಬರು ದೂರದ ಇಂಗ್ಲೆಂಡಿನಲ್ಲಿ ಮಾತ್ರ ಇಲ್ಲ. ಅಂಗಡಿ ಇಟ್ಟ ಮಿತ್ರರು ತಮ್ಮ ಉದ್ರಿ ಪುಸ್ತಕವನ್ನು ನೋಡಿಕೊಳ್ಳಲಿ. ಯಾವ ಗಿರಾಕಿಯ ಬಾಕಿ ಏರುಪೇರಾಗಿದೆಯೋ ಅವನ ಸಂಬಳದ ದಿನವೂ ಏರುಪೇರಾಗಿರುತ್ತದೆ. ಅವನನ್ನು ಕೆಟ್ಟವನೆಂದು ಬರೆಯುವ ಮೊದಲು ಅದನ್ನೊಂದು ವಿಚಾರಿಸಿ.

ಮುಂದಿನ ತಿಂಗಳ ಸಂಘದ ಸಭೆಯಲ್ಲಿ ಗುತ್ತಿಗೆಯ ಕೆಲಸಗಾರರನ್ನು ಸದಸ್ಯರಾಗಿ ಸೇರಿಸಿಕೊಳ್ಳುವ ಗೊತ್ತುವಳಿ ಬರುತ್ತದೆ. ಅದನ್ನು ವಿರೋಧಿಸಬೇಕೆಂದಿರುವವರು ದಯವಿಟ್ಟು ಒಂದು ಪ್ರಶ್ನೆಗೆ ಉತ್ತರ ತಯಾರು ಮಾಡಿಕೊಂಡು ಬರಲಿ: ಆ ಹುಡುಗನಿಗೆ ಒಂದೇ ಮಗ್ಗವನ್ನು ಆರು ತಿಂಗಳು ಬಿಡದೆ ಕೊಟ್ಟು ನೋಡಿದ್ದೀರಾ? ಕೊಟ್ಟು ನೋಡಿ, ಆಮೇಲೆ ಸರಾಸರಿಯ ಮಾತು ಆಡೋಣ.